ಮನೆಯ ಹಾಡು ಮತ್ತು ಮಲ್ಟಿಟ್ರ್ಯಾಕ್ ಯಂತ್ರ: ಕೊಳ್ಳುವ ಮುನ್ನ ಕೆಲವು ವಿಚಾರಗಳು

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿರುವ ಸದ್ಭಕ್ತ ಮನೆತನಗಳಿಂದ ಈಚೆಗೆ ನಮಗೆ ಒಂದೇ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಬರುತ್ತಲಿದೆ. ಧಾರವಾಡ, ಗದಗ, ಬಾಗಲಕೋಟೆಗಳ ಕಡೆಯಿಂದ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳ ಉದ್ಯೋಗ ನಿಮಿತ್ತ ಈ ಕರಾವಳಿಗೆ ಬಂದು, ಇಲ್ಲಿಯೇ ಬೇರೂರಿದ ಕುಟುಂಬಗಳಿವು. ಸೋಮವಾರ ಸಂಜೆಗಳಂದು, ಶ್ರಾವಣ ಮಾಸದಲ್ಲಿ ಮನೆಯ ಪಡಸಾಲೆಯಲ್ಲಿ ಹಾರ್ಮೋನಿಯಂ ಬಿಚ್ಚಿ ವಚನಗಳನ್ನು ಹಾಡಿಕೊಳ್ಳುವ ರೂಢಿಯನ್ನು ಅವರು ಬಿಟ್ಟಿಲ್ಲ. ಹಾಡುವ ಹಿರಿಯರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಅವರ ಕಂಠವನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಮಕ್ಕಳಿಗೆ, ಮೊಮ್ಮಕ್ಕಳಿಗೆ ಉಂಟಾಗಿದೆ. ಮಲ್ಟಿಟ್ರ್ಯಾಕ್ ರೆಕಾರ್ಡರ್ ಎಂಬ ಡಿಜಿಟಲ್ ಯಂತ್ರವೊಂದನ್ನು ಕೊಳ್ಳಬೇಕೆಂದಿದ್ದೇವೆ, ಯಾವುದನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ.

ಮಠದ ಪಾಠಶಾಲೆಯಲ್ಲಿ ನಾವು ಕಲಿತದ್ದು ವ್ಯಾಕರಣ, ಶಾಸ್ತ್ರ, ಸಾಹಿತ್ಯ. ವಿದ್ಯುತ್ ಯಂತ್ರಗಳ ವಿದ್ಯೆಯಲ್ಲ. ಆದರೆ ಗವಾಯಿಗಳ ನಡುವೆ ಕುಳಿತು ಧ್ವನಿಮುದ್ರಣ ಮಾಡಿಸಿದ ಸಂದರ್ಭಗಳು ನಮ್ಮ ಪಾಲಿಗೆ ಸಾಕಷ್ಟು ಒದಗಿವೆ. ಅಂಗಡಿಯವರು ಹೇಳದೆ ಬಿಡುವ ಕೆಲವು ಸಂಗತಿಗಳನ್ನು ಆ ಬಲದ ಮೇಲೆ ಇಲ್ಲಿ ನಿವೇದಿಸುತ್ತೇವೆ.

ಕಂಠವನ್ನು ಹಿಡಿದಿಡುವ ಕಾರ್ಯದಲ್ಲಿ ಈ ಉಡುಪಿ ಸೀಮೆಯು ಹಿಂದೆ ಬಿದ್ದ ನಾಡಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಪ್ರೊ. ಕು. ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ತುಳುನಾಡಿನ ಹಾಡು, ಕುಣಿತ, ಆರಾಧನೆಗಳನ್ನು ಧ್ವನಿ ಮತ್ತು ಚಿತ್ರಗಳಲ್ಲಿ ದಾಖಲಿಸಿದ ಸಂಸ್ಥೆ. ಕಾರ್ಕಳಕ್ಕೆ ಹೊಂದಿಕೊಂಡ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಡಾ. ಬಿ. ಎ. ವಿವೇಕ ರೈ, ಡಾ. ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. 15,683 ಸಾಲುಗಳ ಆ ಕಾವ್ಯವು 1998ರಲ್ಲಿ ಗ್ರಂಥರೂಪದಲ್ಲಿ ಬೆಳಕು ಕಂಡಿತು. ಅಕ್ಷರಕ್ಕೆ ಎಂದೂ ಇಳಿಯದಿದ್ದ ಅಷ್ಟು ದೊಡ್ಡ ಕಾವ್ಯವು ಲೋಕದ ವಿದ್ವಾಂಸರ ಮೇಜಿನ ಮೇಲೆ ಬಂದದ್ದು ಒಬ್ಬ ಹಾಡುಗಾರನ ಮುಂದೆ ತಾಳ್ಮೆಯಿಂದ ಇಟ್ಟ ಮೈಕುಗಳಿಂದ.

ಅದೇ 1990ರಲ್ಲಿ ಇದೇ ಜಿಲ್ಲೆಯ ಗುಂಡ್ಮಿಯ ಭಾಗವತ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿನ್ನೂ ಚಿಕ್ಕ ವಯಸ್ಸಿನವರು. ಅವರ ಕಂಠವನ್ನು ಇಂದಿನ ತರುಣರು ಕೇಳಿ ಬಲ್ಲರೆಂದರೆ ಅದು ಅಂದಿನ ಕ್ಯಾಸೆಟ್ಟುಗಳ ಪುಣ್ಯ. ಬಯಲಾಟದ ನಡುವೆ ಹಿಡಿದ ಅಂಥ ಕ್ಯಾಸೆಟ್ಟುಗಳಲ್ಲಿ ಚೆಂಡೆಯ ಅಬ್ಬರ, ಸಭಿಕರ ಗದ್ದಲ, ಭಾಗವತರ ಕಂಠ ಎಲ್ಲವೂ ಒಂದೇ ಪಟ್ಟಿಯ ಮೇಲೆ ಕಲಸಿಕೊಂಡಿರುತ್ತವೆ. ಹಾಲಿನಲ್ಲಿ ಬೆರೆತ ನೀರಿನಂತೆ, ಆಮೇಲೆ ಅವನ್ನು ಬೇರ್ಪಡಿಸುವುದು ದುಸ್ತರ. ಕಂಪ್ಯೂಟರಿನ ತಂತ್ರಾಂಶಗಳು ಈಗ ಅಂಥ ಬೇರ್ಪಡಿಕೆಯನ್ನು ಮಾಡುತ್ತವೆಂಬುದನ್ನು ಬಲ್ಲೆವು. ಆದರೆ ಹಾರ್ಮೋನಿಯಂ ನಮ್ಮಲ್ಲಿ ಕಂಠದ ಬೆನ್ನು ಹತ್ತಿ ಅದೇ ಸ್ವರಗಳನ್ನೇ ನುಡಿಯುವ ವಾದ್ಯ. ಅದನ್ನು ಕಂಠದಿಂದ ಸುಲಿದು ತೆಗೆಯಹೋದರೆ ಕಂಠದ ಚರ್ಮವೂ ಕಿತ್ತುಬರುತ್ತದೆ.

ಬೆರೆಯುವುದಕ್ಕೆ ಮೊದಲೇ ಬೇರೆಬೇರೆಯಾಗಿ ಹಿಡಿದುಕೊಳ್ಳುವ ಉಪಾಯವೇ ಮಲ್ಟಿಟ್ರ್ಯಾಕ್. ಒಂದೊಂದು ಧ್ವನಿಗೆ ಒಂದೊಂದು ಟ್ರ್ಯಾಕ್, ಅಂದರೆ ಒಂದೇ ಹೊಲದಲ್ಲಿ ಬೇರೆ ಬೇರೆ ಸಾಲು. ಅಮೆರಿಕದ ಗಿಟಾರು ವಾದಕ ಲೆಸ್ ಪಾಲ್ ಅವರಿಗಾಗಿ ಆಂಪೆಕ್ಸ್ ಸಂಸ್ಥೆಯು 1957ರಲ್ಲಿ ಎಂಟು ಟ್ರ್ಯಾಕಿನ ಟೇಪ್ ಯಂತ್ರವನ್ನು ಮಾಡಿಕೊಟ್ಟಿತು. 1979ರಲ್ಲಿ ಜಪಾನಿನ ಟಿಯಾಕ್ ಸಂಸ್ಥೆಯ ಪೋರ್ಟಾಸ್ಟುಡಿಯೋ ಬಂದು, ಸಾಧಾರಣ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಟ್ರ್ಯಾಕುಗಳನ್ನು ಮನೆಯಲ್ಲಿ ಮುದ್ರಿಸುವುದು ಸಾಧ್ಯವಾಯಿತು. 1990ರ ದಶಕದಲ್ಲಿ ಎಡ್ಯಾಟ್ ಎಂಬ ಯಂತ್ರವು ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಡಿಜಿಟಲ್ ಟ್ರ್ಯಾಕುಗಳನ್ನು ಬರೆಯಿತು. ಬಳಿಕ ಹಾರ್ಡ್ ಡಿಸ್ಕು, ಈಗ ಉಗುರಿನಷ್ಟಗಲದ ಮೆಮರಿ ಕಾರ್ಡು. ಇತಿಹಾಸ ಇಷ್ಟು ಸಾಕು.

ಇಲ್ಲಿ ಓದುಗರು ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಈ ಯಂತ್ರಗಳು ಹುಟ್ಟಿದ್ದು ಪಾಶ್ಚಾತ್ಯರ ಒಂದು ಅಭ್ಯಾಸಕ್ಕಾಗಿ. ಒಬ್ಬನೇ ಮನುಷ್ಯನು ಮೊದಲು ತಾಳವನ್ನು ಮುದ್ರಿಸುತ್ತಾನೆ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಗಿಟಾರು ನುಡಿಸಿ ಇನ್ನೊಂದು ಟ್ರ್ಯಾಕಿನಲ್ಲಿ ತುಂಬುತ್ತಾನೆ. ಅದರ ಮೇಲೆ ಹಾಡು, ಹಾಡಿನ ಮೇಲೆ ಜೊತೆಹಾಡು. ಹೀಗೆ ಗೋಡೆ ಕಟ್ಟಿದಂತೆ ಕಲ್ಲಿನ ಮೇಲೆ ಕಲ್ಲು. ಅವನಿಗೆ ಒಮ್ಮೆಗೆ ಒಂದೋ ಎರಡೋ ಮೈಕು ಸಾಕು. ಟ್ರ್ಯಾಕುಗಳು ಮಾತ್ರ ಎಂಟು, ಹದಿನಾರು ಬೇಕು.

ನಮ್ಮ ಹಾಡಿಕೆಯ ಸ್ವಭಾವವು ಇದಕ್ಕೆ ತೀರ ಬೇರೆ. ವಚನವನ್ನು ಹಾಡುವವರು ಪದವೊಂದನ್ನು ಹಿಡಿದು ನಿಂತರೆ ತಬಲೆಯವನು ಅವರ ಮುಖವನ್ನು ನೋಡುತ್ತ ಕಾಯುತ್ತಾನೆ. ಅರ್ಥವು ಭಾರವಾದಲ್ಲಿ ಲಯ ತುಸು ಹಿಂಜರಿಯುತ್ತದೆ. ಹಾರ್ಮೋನಿಯಂ ಆ ಮೌನವನ್ನು ತುಂಬುತ್ತದೆ, ಮತ್ತೆ ಕಂಠ ಏಳುತ್ತದೆ. ಡಾ. ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಎದುರು ಕುಳಿತು ಕೇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಈ ಕೊಡುಕೊಳ್ಳುವಿಕೆ ನಡೆಯುವುದು ಎಲ್ಲರೂ ಒಂದೇ ಜಮಖಾನೆಯ ಮೇಲೆ, ಒಂದೇ ಕ್ಷಣದಲ್ಲಿ ಕೂಡಿದಾಗ. ತಬಲೆಯನ್ನು ಮೊದಲು ಮುದ್ರಿಸಿಟ್ಟು ಅದರ ಮೇಲೆ ಹಾಡಿರೆಂದು ಎಂಬತ್ತರ ಹಿರಿಯರನ್ನು ಕೇಳಿದರೆ, ಯಂತ್ರವು ಕಂಠವನ್ನು ಹಿಂಬಾಲಿಸುವ ಬದಲು ಕಂಠವೇ ಯಂತ್ರವನ್ನು ಹಿಂಬಾಲಿಸಬೇಕಾಗುತ್ತದೆ. ಮಣಿಪಾಲದ ಮನೆಯೊಂದರಲ್ಲಿ ಹೀಗೆ ಪ್ರಯತ್ನಿಸಿದ್ದನ್ನು ನಾವು ಕೇಳಿದೆವು. ಶ್ರುತಿ ತಪ್ಪಿರಲಿಲ್ಲ, ತಾಳ ತಪ್ಪಿರಲಿಲ್ಲ. ಆದರೂ ಆ ತಾಯಿಯವರು ಹಾಡುತ್ತಿರಲಿಲ್ಲ, ಒಪ್ಪಿಸುತ್ತಿದ್ದರು.

ಕರಾವಳಿಯ ತಾಳಮದ್ದಳೆಯೂ ಹಾಗೆಯೇ, ಕಾಪುವಿನ ಕಡಲತಡಿಯ ಭಜನಾ ಮಂದಿರಗಳ ಭಜನೆಯೂ ಹಾಗೆಯೇ. ಕೂಡಿ ಹಾಡುವುದನ್ನು ಕೂಡಿಯೇ ಮುದ್ರಿಸಬೇಕು, ಆದರೆ ಬೇರೆ ಬೇರೆ ಸಾಲುಗಳಲ್ಲಿ.

ಆದುದರಿಂದ ಯಂತ್ರವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಟ್ರ್ಯಾಕು?’ ಎಂಬುದಲ್ಲ, ‘ಒಮ್ಮೆಗೆ ಎಷ್ಟು ಮೈಕುಗಳ ಧ್ವನಿಯನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ?’ ಎಂಬುದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಮೊದಲನೆಯ ಸಂಖ್ಯೆ. ಎರಡನೆಯದು ಒಳಗಿನ ಪುಸ್ತಿಕೆಯ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಟ್ಯಾಸ್ಕಾಂ ಸಂಸ್ಥೆಯ ಡಿಪಿ-008ಇಎಕ್ಸ್ ಎಂಬ ಯಂತ್ರಕ್ಕೆ ಟ್ರ್ಯಾಕು ಎಂಟು, ಒಮ್ಮೆಗೆ ಮುದ್ರಿಸುವುದು ಎರಡನ್ನು. ಜೂಮ್ ಸಂಸ್ಥೆಯ ಆರ್8 ಎಂಬುದೂ ಅಷ್ಟೇ. ಅದೇ ಜೂಮ್‌ನವರ ಆರ್16 ಎಂಬ, 2009ರಲ್ಲಿ ಬಂದ ಯಂತ್ರವು ಒಮ್ಮೆಗೆ ಎಂಟು ಮೈಕುಗಳನ್ನು ಹಿಡಿಯಬಲ್ಲದು. ಇದು ಈಗ ಹೆಚ್ಚಾಗಿ ಬಳಸಿದ ಮಾಲಿನ ಮಾರಾಟದಲ್ಲಿ ದೊರೆಯುವಂಥದು. ಅದರ ತರುವಾಯ ಬಂದ ಆರ್20 ಮತ್ತು ಟ್ಯಾಸ್ಕಾಂನ ಡಿಪಿ-24ಎಸ್‌ಡಿ ಇವೂ ಎಂಟನ್ನು ಹಿಡಿಯುತ್ತವೆ. ಇಪ್ಪತ್ನಾಲ್ಕು ಟ್ರ್ಯಾಕಿನ ಯಂತ್ರವು ಎಂಟು ಟ್ರ್ಯಾಕಿನದಕ್ಕಿಂತ ಮೂರು ಪಟ್ಟು ಉತ್ತಮವೆಂದು ಯಾರಾದರೂ ಹೇಳಿದರೆ ನಗುನಗುತ್ತ ಮುಂದಿನ ಅಂಗಡಿಗೆ ನಡೆಯಬಹುದು.

ಹಾಗಾದರೆ ಒಂದು ಸಂಸಾರಕ್ಕೆ ಎಷ್ಟು ಬೇಕು? ಪಡಸಾಲೆಯಲ್ಲಿ ಕೂಡುವವರನ್ನು ಎಣಿಸಿರಿ. ಹಾಡುವವರಿಗೆ ಒಂದು, ಹಾರ್ಮೋನಿಯಂಗೆ ಒಂದು, ತಬಲಾ ಡಗ್ಗಾಗಳ ನಡುವೆ ಒಂದು, ಹಿಂದೆ ಕುಳಿತು ದನಿಗೂಡಿಸುವವರಿಗೆ ಒಂದು. ನಾಲ್ಕಾಯಿತು. ಎಲೆಕ್ಟ್ರಾನಿಕ್ ತಂಬೂರಿ ಇದ್ದರೆ ಅದಕ್ಕೆ ಮೈಕು ಬೇಡ. ಅದನ್ನು ದೂರದಲ್ಲಿ ಮೆಲ್ಲಗೆ ಇರಿಸಿದರೆ ಸಾಕು, ಎಲ್ಲ ಮೈಕುಗಳೂ ಅದನ್ನು ಹನಿಹನಿಯಾಗಿ ಹೀರಿಕೊಳ್ಳುತ್ತವೆ. ನಾಲ್ಕು ಇನ್‌ಪುಟ್ಟು ಅವಶ್ಯ, ಎಂಟಿದ್ದರೆ ನೆಂಟರು ಬಂದಾಗ ಅನುಕೂಲ. ಒಬ್ಬರೇ ಹಾಡುವ ಮನೆಯಾದರೆ, ಅಜ್ಜಿಯವರು ಜೋಗುಳವನ್ನೋ ಬೀಸುವ ಪದವನ್ನೋ ಪಕ್ಕವಾದ್ಯವಿಲ್ಲದೆ ಹಾಡುವುದಾದರೆ, ಈ ಯಂತ್ರವೇ ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ಮೈಕು ಕೂಡಿಯೇ ಬರುವ ಕೈರೆಕಾರ್ಡರು, ಅಷ್ಟೇಕೆ, ಒಳ್ಳೆಯ ಮೊಬೈಲ್ ಫೋನು ಸಾಕು. ಹಣವನ್ನು ಪ್ರದರ್ಶನಕ್ಕಾಗಿ ಸುರಿಯುವುದು ನಮ್ಮವರಿಗೆ ಒಪ್ಪುವ ನಡೆಯಲ್ಲ.

ಮೈಕುಗಳು ನಾಲ್ಕಿದ್ದ ಮಾತ್ರಕ್ಕೆ ಧ್ವನಿಗಳು ಬೇರೆಯಾಗಿ ಕುಳಿತುಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ತಬಲೆಯ ಸದ್ದು ಹಾಡುವವರ ಮೈಕಿಗೂ ನುಗ್ಗುತ್ತದೆ. ಇದಕ್ಕೆ ಅನುಭವಿಗಳು ಒಂದು ಲೆಕ್ಕ ಹೇಳುತ್ತಾರೆ: ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿದ್ದರೆ, ಆ ಮೈಕಿಗೂ ಪಕ್ಕದ ಮೈಕಿಗೂ ಕನಿಷ್ಠ ಮೂರು ಗೇಣು ಇರಬೇಕು. ಕಾರ್ಡಿಯಾಯ್ಡ್ ಎಂಬ ಜಾತಿಯ ಮೈಕು ಮುಂದಿನದನ್ನು ಕೇಳುತ್ತದೆ, ಬೆನ್ನ ಹಿಂದಿನದಕ್ಕೆ ಬಹುಮಟ್ಟಿಗೆ ಕಿವುಡು. ಹಾಡುವವರ ಮೈಕಿನ ಬೆನ್ನು ತಬಲೆಯ ಕಡೆಗೆ ಬರುವಂತೆ ಕೂಡಿಸಿದರೆ ಅರ್ಧ ಕೆಲಸ ಮುಗಿದಂತೆ. ಹೀಗೆ ಕೂಡಿಸುವುದೆಂದರೆ ಗಾಯಕರೂ ತಬಲೆಯವರೂ ಎದುರುಬದುರಾಗುವುದೇ. ಅವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಲು ಅದೇ ಬೇಕು.

ಇನ್ನು ಮನೆಯ ವಿಚಾರ. ಹಳೆಯ ಕಾರ್ಕಳ, ಉಡುಪಿಗಳ ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ, ಹಂಚಿನ ಮಾಡಿನ ಮನೆಗಳು ಧ್ವನಿಗೆ ಬಹಳ ಹಿತ. ಒರಟಾದ ಗೋಡೆ ಸದ್ದನ್ನು ಚದುರಿಸುತ್ತದೆ, ಮರ ಅದನ್ನು ತುಸು ನುಂಗುತ್ತದೆ. ಮಣಿಪಾಲದ ಹೊಸ ಫ್ಲ್ಯಾಟುಗಳಲ್ಲಿ ಕಾಂಕ್ರೀಟಿನ ಸೂರು, ಗಾಜಿನಂಥ ಟೈಲ್ಸು. ಚಪ್ಪಾಳೆ ತಟ್ಟಿದರೆ ಕೋಣೆ ತಿರುಗಿ ತಟ್ಟುತ್ತದೆ. ಅಲ್ಲಿ ನೆಲಕ್ಕೆ ದಪ್ಪ ಜಮಖಾನೆ, ಬೆನ್ನ ಹಿಂದೆ ಕೌದಿಗಳನ್ನು ತೂಗುಹಾಕುವುದು ಯಾವ ಬೆಲೆಬಾಳುವ ಮೈಕಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಅಜ್ಜಿ ಹೊಲಿದ ಕೌದಿ ಅಜ್ಜಿಯ ಹಾಡಿಗೆ ಒದಗುವುದು ನಮಗಂತೂ ಸಂತೋಷದ ಸಂಗತಿ. ಕಾಪುವಿನಲ್ಲಿ ಕಡಲ ಮೊರೆತವು ಕೇಳಿಸದಿದ್ದರೂ ಮೈಕಿಗೆ ಕೇಳಿಸುತ್ತಿರುತ್ತದೆ. ಮನುಷ್ಯನ ಕಿವಿ ಅದನ್ನು ಮರೆಯಲು ಕಲಿತಿದೆ, ಯಂತ್ರ ಕಲಿತಿಲ್ಲ. ಪಡುವಣದ ಕಿಟಕಿಗಳನ್ನು ಮುಚ್ಚಿ, ಯಂತ್ರದಲ್ಲಿ ತಗ್ಗು ಧ್ವನಿಗಳನ್ನು ಕತ್ತರಿಸುವ ಲೋ ಕಟ್ ಎಂಬ ಗುಂಡಿಯಿದ್ದರೆ ಅದನ್ನು ಕಂಠದ ಮೈಕಿಗೆ ಒತ್ತಬೇಕು, ಡಗ್ಗೆಯ ಮೈಕಿಗೆ ಒತ್ತಬಾರದು. ಡಗ್ಗೆಯ ಜೀವವಿರುವುದೇ ಆ ತಗ್ಗಿನಲ್ಲಿ.

ಮಳೆಗೆ ಮಾತ್ರ ಯಾವ ಗುಂಡಿಯೂ ಇಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಸುರಿಯುವ ಸೀಮೆಯಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಕೆಳಗೆ ಮುದ್ರಣದ ಆಸೆಯನ್ನು ಬಿಡುವುದೇ ವಿವೇಕ. ಶ್ರಾವಣದ ಹಾಡಿಕೆ ಇದೇ ತಿಂಗಳುಗಳಲ್ಲಿ ಬರುವುದು ಒಂದು ಸಂಕಟ. ಹಾಡುವುದನ್ನು ಶ್ರಾವಣದಲ್ಲಿ ಹಾಡಿರಿ. ಮುದ್ರಣಕ್ಕೆ ದೀಪಾವಳಿಯ ನಂತರ ಇನ್ನೊಮ್ಮೆ ಕೂಡಿರಿ.

ಮಳೆಯ ಇನ್ನೊಂದು ಮುಖ ತೇವ ಮತ್ತು ವಿದ್ಯುತ್ತು. ಕಂಡೆನ್ಸರ್ ಎಂಬ ಜಾತಿಯ ಮೈಕುಗಳು ಸೂಕ್ಷ್ಮವಾದುದನ್ನು ಹಿಡಿಯುತ್ತವೆ, ಆದರೆ ಅವಕ್ಕೆ ಯಂತ್ರದಿಂದ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು ಹರಿಯಬೇಕು. ಮೇಲೆ ಹೇಳಿದ ಆರ್16 ಯಂತ್ರದ ಎಂಟು ಇನ್‌ಪುಟ್ಟುಗಳಲ್ಲಿ ಎರಡಕ್ಕೆ ಮಾತ್ರ ಆ ಸೌಕರ್ಯವಿದೆ, ಇಂಥದನ್ನೂ ಕೇಳಿಕೊಳ್ಳಬೇಕು. ತೇವ ತಗುಲಿದರೆ ಕಂಡೆನ್ಸರ್ ಮೈಕು ಚಟಪಟ ಸದ್ದು ಮಾಡತೊಡಗುತ್ತದೆ. ವೇದಿಕೆಗಳಲ್ಲಿ ಕಾಣುವ ಡೈನಮಿಕ್ ಮೈಕುಗಳು ಅಷ್ಟು ನಾಜೂಕಿನವಲ್ಲ. ಫ್ಯಾಂಟಮ್ ವಿದ್ಯುತ್ತನ್ನೂ ಬೇಡವು. ಕಂಠಕ್ಕೆ ಒಂದು ಕಂಡೆನ್ಸರ್, ಉಳಿದವಕ್ಕೆ ಡೈನಮಿಕ್ ಎಂಬುದು ಈ ಕರಾವಳಿಯ ಹವೆಗೆ ಒಪ್ಪುವ ಹಂಚಿಕೆ. ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟರೆ ಬಹುಕಾಲ ಬಾಳುತ್ತವೆ. ಬ್ಯಾಟರಿಯಿಂದಲೂ ನಡೆಯುವ ಯಂತ್ರವಾದರೆ ಎರಡು ಲಾಭ: ಕರೆಂಟು ಹೋದರೆ ಹಾಡು ನಿಲ್ಲುವುದಿಲ್ಲ, ಹಳೆಯ ಮನೆಗಳ ವೈರಿಂಗಿನಿಂದ ಬರುವ ‘ಹುಂ’ ಎಂಬ ಗುಂಯ್‌ಗುಡುವಿಕೆಯೂ ಬಹುಮಟ್ಟಿಗೆ ತಪ್ಪುತ್ತದೆ. ಡಿಪಿ-008ಇಎಕ್ಸ್, ಆರ್16 ಇವು ಸಾಮಾನ್ಯ ಪೆನ್ಸಿಲ್ ಬ್ಯಾಟರಿಗಳಿಂದ ನಡೆಯುತ್ತವೆ. ದೊಡ್ಡ ಯಂತ್ರಗಳಲ್ಲಿ ಹಲವಕ್ಕೆ ಗೋಡೆಯ ವಿದ್ಯುತ್ತೇ ಬೇಕು.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಕಾಡುವ ವಿಷಯವೊಂದಿದೆ. ಮುದ್ರಿಸಿದ್ದು ಕಾರ್ಡಿನಲ್ಲಿ ಯಾವ ರೂಪದಲ್ಲಿ ಕುಳಿತಿರುತ್ತದೆ? ಕೆಲವು ಯಂತ್ರಗಳು ಪ್ರತಿಯೊಂದು ಟ್ರ್ಯಾಕನ್ನೂ ವೇವ್ ಎಂಬ ಸರ್ವಸಾಮಾನ್ಯ ರೂಪದಲ್ಲಿ ನೇರವಾಗಿ ಬರೆಯುತ್ತವೆ. ಕಾರ್ಡನ್ನು ಯಾವ ಕಂಪ್ಯೂಟರಿಗೆ ಹಾಕಿದರೂ ತೆರೆಯುತ್ತದೆ. ಆರ್16 ಈ ಬಗೆಯದು. ಇನ್ನು ಕೆಲವು, ಟ್ಯಾಸ್ಕಾಂನ ಡಿಪಿ-008ಇಎಕ್ಸ್ ಅವುಗಳಲ್ಲೊಂದು, ಕಾರ್ಡಿನೊಳಗೆ ತಮ್ಮದೇ ಬೇರೆ ಕೋಣೆಯನ್ನು ಕಟ್ಟಿಕೊಂಡು ಅಲ್ಲಿ ಹಾಡನ್ನಿಡುತ್ತವೆ. ‘ಎಕ್ಸ್‌ಪೋರ್ಟ್’ ಎಂಬ ಆಜ್ಞೆಯನ್ನು ಕೊಟ್ಟಾಗ ಮಾತ್ರ ಅದು ವೇವ್ ರೂಪಕ್ಕೆ ಹೊರಬರುತ್ತದೆ. ಇದು ಯಂತ್ರದ ದೋಷವಲ್ಲ, ಅದರ ರಚನೆ. ಆದರೆ ಹಿರಿಯರು ಹಾಡಿ ಎದ್ದ ಮೇಲೆ ಆ ಆಜ್ಞೆಯನ್ನು ಕೊಡುವವರು ಮನೆಯಲ್ಲಿ ಯಾರು? ಮೊಮ್ಮಗನು ಕೆಲಸಕ್ಕೆಂದು ಬೆಂಗಳೂರಿಗೋ ಹೊರದೇಶಕ್ಕೋ ಹೋದನೆನ್ನಿರಿ, ಹತ್ತು ವರ್ಷ ಕಳೆದು ಯಂತ್ರವು ಕೆಟ್ಟಿತೆನ್ನಿರಿ, ಕಾರ್ಡಿನಲ್ಲಿ ಕಂಠವಿದ್ದೂ ಯಾರಿಗೂ ಕೇಳಿಸದಂತಾಗುತ್ತದೆ. ಇಂಥ ಯಂತ್ರವನ್ನು ಕೊಂಡವರು ಹಾಡಿದ ದಿನವೇ ಎಕ್ಸ್‌ಪೋರ್ಟ್ ಮಾಡಿಡುವ ನೇಮವನ್ನು ಪಾಲಿಸಬೇಕು.

44.1 ಕಿಲೋಹರ್ಟ್ಸ್, 24 ಬಿಟ್ ಎಂಬ ಮಟ್ಟದಲ್ಲಿ ಮುದ್ರಿಸಿದರೆ ಒಂದು ಟ್ರ್ಯಾಕು ನಿಮಿಷಕ್ಕೆ ಸುಮಾರು 8 ಮೆಗಾಬೈಟ್ ಜಾಗ ಹಿಡಿಯುತ್ತದೆ. ನಾಲ್ಕು ಟ್ರ್ಯಾಕುಗಳ ಒಂದು ತಾಸಿನ ಹಾಡಿಕೆಗೆ 1.9 ಗಿಗಾಬೈಟ್. 32 ಗಿಗಾಬೈಟಿನ ಕಾರ್ಡಿನಲ್ಲಿ ಹದಿನಾರು ತಾಸು ಹಿಡಿಸುತ್ತದೆ. ಜಾಗಕ್ಕೆ ಬರವಿಲ್ಲದ ಕಾಲವಿದು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಸಿಗುತ್ತಿದ್ದ ದಿನಗಳಲ್ಲಿ ಮಹಾಗಾಯಕರು ರಾಗವನ್ನು ಬೊಗಸೆಯಷ್ಟಕ್ಕೆ ಇಳಿಸಿ ಹಾಡಿದರು. ಈಗ ಎಂಪಿ3 ಎಂಬ ಸಂಕುಚಿತ ರೂಪದಲ್ಲಿ ಮುದ್ರಿಸಿ ಜಾಗ ಉಳಿಸುವುದಕ್ಕೆ ಯಾವ ಕಾರಣವೂ ಇಲ್ಲ. ಧ್ವನಿಯ ಮಟ್ಟವನ್ನು ಮಾತ್ರ ತಗ್ಗಿನಲ್ಲಿಡಬೇಕು. ಹಳೆಯ ಟೇಪು ತುಸು ಹೆಚ್ಚಿನ ಸದ್ದನ್ನು ಸಹಿಸಿಕೊಳ್ಳುತ್ತಿತ್ತು; ಡಿಜಿಟಲ್ ಯಂತ್ರ ಮಿತಿ ಮೀರಿದೊಡನೆ ಧ್ವನಿಯನ್ನು ಒರಟಾಗಿ ಕತ್ತರಿಸುತ್ತದೆ, ಮತ್ತೆ ಸರಿಪಡಿಸಲಾಗದು. ಏರುದನಿಯಲ್ಲಿ ಹಾಡಿದಾಗಲೂ ಸೂಚಿಯು ಶೂನ್ಯಕ್ಕಿಂತ 12 ಡೆಸಿಬೆಲ್‌ನಷ್ಟು ಕೆಳಗೇ ಇದ್ದರೆ ನಿಶ್ಚಿಂತೆ.

ಈ ಯಂತ್ರಗಳಲ್ಲಿ ಡೋಲು ಬಾರಿಸುವ, ಗಿಟಾರನ್ನು ಗುಡುಗಿಸುವ, ಕೋಣೆಯನ್ನು ದೇವಾಲಯದಂತೆ ಮೊಳಗಿಸುವ ನೂರಾರು ಅಲಂಕಾರಗಳಿರುತ್ತವೆ. ಅವುಗಳಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿರಿ.

ಲ್ಯಾಪ್‌ಟಾಪಿಗೆ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆಯನ್ನು ಜೋಡಿಸಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಿಂದ ಕಡಿಮೆ ಖರ್ಚಿನಲ್ಲಿ ಮುಗಿಸಬಾರದೇಕೆ ಎಂದು ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ. ಯುಕ್ತವಾದ ಪ್ರಶ್ನೆ. ಬಲ್ಲ ಕೈಗಳಿದ್ದ ಮನೆಗೆ ಅದೇ ಲೇಸು. ಆ ಪೆಟ್ಟಿಗೆಗೂ ನಾಲ್ಕು ಮೈಕಿನ ನಿಯಮವೇ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಆದರೆ ಹಾಡುವವರ ಮುಂದೆ ಬೆಳಗುವ ಪರದೆ, ಒಳಗೆ ಸುಯ್ಯೆನ್ನುವ ಫ್ಯಾನು, ನಡುವೆ ತಲೆಹಾಕುವ ಸೂಚನೆಗಳು, ಇವು ಹಿರಿಯರ ಮನಸ್ಸನ್ನು ಕದಡುತ್ತವೆ. ಒಂದೇ ಕೆಂಪು ಗುಂಡಿಯಿರುವ ಯಂತ್ರವನ್ನು ಅವರು ಐದು ನಿಮಿಷದಲ್ಲಿ ಮರೆತುಬಿಡುತ್ತಾರೆ.

ಯಂತ್ರ ಮನೆಗೆ ಬಂದ ಮೇಲೆ ಮೊದಲು ಮಾಡಬೇಕಾದದ್ದು ಹೊಸ ಹಾಡಿನ ಮುದ್ರಣವಲ್ಲ. ಕಪಾಟಿನ ಹಳೆಯ ಕ್ಯಾಸೆಟ್ಟುಗಳನ್ನು ಹೊರತೆಗೆಯಿರಿ. ಕಾರ್ಕಳದ ಮನೆಯೊಂದರಲ್ಲಿ ತೀರಿಕೊಂಡ ತಂದೆಯವರ ಹಾಡಿನ ಹನ್ನೊಂದು ಕ್ಯಾಸೆಟ್ಟುಗಳನ್ನು ನಾವು ಕಂಡೆವು; ನಾಲ್ಕರಲ್ಲಿ ಪಟ್ಟಿಯ ಅಂಚಿಗೆ ಬೂದಿಯಂತೆ ಬೂಷ್ಟು ಹಿಡಿದಿತ್ತು. ಇನ್ನೂ ಚೆನ್ನಾಗಿ ನುಡಿಯುವ ಟೇಪ್ ಡೆಕ್ಕೊಂದನ್ನು ಎರವಲು ತಂದು, ಅದರ ಎರಡು ಹೊರತಂತಿಗಳನ್ನು ಯಂತ್ರದ ಎರಡು ಲೈನ್ ಇನ್‌ಪುಟ್ಟುಗಳಿಗೆ ಸಿಕ್ಕಿಸಿ, ಬೂಷ್ಟಿಲ್ಲದ ಕ್ಯಾಸೆಟ್ಟುಗಳನ್ನು ಮೊದಲು ಮುದ್ರಿಸಿಕೊಳ್ಳಬೇಕು. ಬೂಷ್ಟು ಹಿಡಿದದ್ದನ್ನು ಹಾಗೆಯೇ ನುಡಿಸಿದರೆ ಅದು ಡೆಕ್ಕಿನ ತಲೆಗೆ ಮೆತ್ತಿ ಉಳಿದವಕ್ಕೂ ಹಬ್ಬುತ್ತದೆ. ಅವನ್ನು ಬೇರೆಯೇ ಇರಿಸಿ, ಶುಚಿಗೊಳಿಸಬಲ್ಲವರ ಕೈಗೆ ಕೊಡಬೇಕು. ಆ ಮನೆಯವರು ಏಳನ್ನು ಉಳಿಸಿಕೊಂಡಿದ್ದಾರೆ.

ಮುದ್ರಿಸಿದ್ದರ ಪ್ರತಿ ಕಾರ್ಡಿನಲ್ಲಿ ಒಂದು, ಕಂಪ್ಯೂಟರಿನಲ್ಲಿ ಒಂದು, ಬೇರೆ ಊರಿನ ಬಂಧುಗಳ ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಹೀಗೆ ಮೂರಿರಲಿ. ನಾಲ್ಕು ಟ್ರ್ಯಾಕುಗಳನ್ನು ಬೆರೆಸಿ ಕೇಳಲು ಹಿತವಾದ ಒಂದು ಹಾಡನ್ನು ಮಾಡಿಕೊಂಡ ಮೇಲೂ ಮೂಲದ ನಾಲ್ಕನ್ನು ಅಳಿಸಬಾರದು. ನಾಳೆ ಇನ್ನೊಬ್ಬರ ಕಿವಿಗೆ ಇನ್ನೊಂದು ಬೆರಕೆ ಹಿತವೆನಿಸೀತು. ಹಿರಿಯರ ಕೆಮ್ಮು, ನಡುವೆ ಮರೆತು ಮತ್ತೆ ಹಿಡಿದ ಸಾಲು, ಇವನ್ನು ಕತ್ತರಿಸಿ ತೆಗೆಯುವ ಉತ್ಸಾಹ ತರುಣರಿಗೆ ಇರುತ್ತದೆ. ಬೆರಕೆಯಲ್ಲಿ ತೆಗೆಯಲಿ, ಮೂಲದಲ್ಲಿ ಇರಲಿ. ಹೊರಗಿನವರಿಗೆ ಕೇಳಿಸುವ ಮುನ್ನ ಹಾಡಿದವರ ಒಪ್ಪಿಗೆಯನ್ನು ಕೇಳುವುದು ಮರ್ಯಾದೆ.

ಇನ್ನೊಂದು ಮಾತು. ಕೆಂಪು ಗುಂಡಿಯನ್ನು ಒತ್ತಿದೊಡನೆ ಹಾಡನ್ನು ಆರಂಭಿಸಬೇಡಿರಿ. ಅಂದಿನ ದಿನಾಂಕ, ಊರು, ಕೂಡಿದವರ ಹೆಸರು, ಹಾಡುವ ವಚನ ಯಾರದು, ಅದರ ಮಟ್ಟನ್ನು ಯಾರಿಂದ, ಯಾವ ಊರಿನಲ್ಲಿದ್ದಾಗ ಕಲಿತರು ಎಂಬುದನ್ನು ಹಾಡುವವರೇ ತಮ್ಮ ಬಾಯಿಂದ ಹೇಳಲಿ. ಹೇಳುವಾಗ ಅವರು ತುಸು ದೂರ ಹೋದರೆ, ಹಳೆಯ ಗುರುವಿನ ಮಾತಿಗೋ ತವರಿನ ಅಂಗಳಕ್ಕೋ ಹೊರಟರೆ, ಗುಂಡಿಯನ್ನು ಆರಿಸದೆ ಸುಮ್ಮನೆ ಕುಳಿತಿರಿ. ಕಾರ್ಡಿನಲ್ಲಿ ಹದಿನಾರು ತಾಸುಗಳ ಜಾಗವಿದೆ.